ಬಂಗುಡೆಯನ್ನು ಗಾಳಕ್ಕೆ ಹಾಕಿದ ಬೇಸಿಗೆ

ಹೋದ ಶನಿವಾರ ಕ್ಯಾಲಿಫೋರ್ನಿಯಾದ ಸೆರಿಟೋಸ್‌ನಲ್ಲಿ ನಮ್ಮ ಮನೆಯ ಹತ್ತಿರದ ಕೊರಿಯನ್ ಅಂಗಡಿಯಲ್ಲಿ ಮೀನಿನ ಕೌಂಟರಿನ ಮುಂದೆ ನಿಂತಿದ್ದೆ. ಐಸಿನ ಮೇಲೆ ಸಾಲಾಗಿ ಬಂಗುಡೆ ಮಲಗಿಸಿದ್ದರು. ಬೆನ್ನಿನ ಮೇಲೆ ಹಸಿರು, ಅದರ ಮೇಲೆ ಕಪ್ಪು ಗೀರು, ಹೊಟ್ಟೆ ಬೆಳ್ಳಗೆ. ಅಂಗಡಿಯವನನ್ನು ಕೇಳದೆಯೇ ಒಂದನ್ನು ಎತ್ತಿ ಕಿವಿರು ಬಿಡಿಸಿ ನೋಡಿದೆ. ಅವನು ಕೆಕ್ಕರಿಸಿದ. ಮನೆಗೆ ಬಂದು ಎಷ್ಟು ಸೋಪು ಹಾಕಿ ತಿಕ್ಕಿದರೂ ಕೈಯ ವಾಸನೆ ಹೋಗಲಿಲ್ಲ. ಬಂಗುಡೆಯ ವಾಸನೆ ಎಂದರೆ ನನ್ನಂಥವಳಿಗೆ ಗಂಗೊಳ್ಳಿ ನೆನಪಾಗಬೇಕು, ಹುಟ್ಟಿದ್ದು ಅಲ್ಲಿ, ಬೆಳೆದದ್ದು ಅಲ್ಲಿ. ಆದರೆ ನನಗೆ ನೆನಪಾಗುವುದು ಸ್ಯಾನ್ ಡಿಯೇಗೋದ ಲಾ ಹೋಯಾ, ಜನ ಮಾಸ್ಕ್ ಕಳಚಿ ಮತ್ತೆ ಒಬ್ಬರ ಮುಖ ಒಬ್ಬರು ನೋಡಲು ಶುರುಮಾಡಿದ ಎರಡು ಸಾವಿರದ ಇಪ್ಪತ್ತೆರಡರ ಬೇಸಿಗೆ. ಅದು ಅಮ್ಮ ಬಂದಿದ್ದ ಬೇಸಿಗೆ.

ನಾನು ಆಗ ಲಾ ಹೋಯಾದ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮುಗಿಸುತ್ತಿದ್ದೆ. ಪದವಿ ಕೊಡುವ ದಿನ ಕಪ್ಪು ನಿಲುವಂಗಿ ಹಾಕಿಕೊಂಡ ಮಗಳನ್ನು ನೋಡಬೇಕೆಂದು ಅಮ್ಮ ಮೇ ತಿಂಗಳಲ್ಲಿ ಒಬ್ಬಳೇ ವಿಮಾನ ಹತ್ತಿ ಬಂದಳು. ಸೆಪ್ಟೆಂಬರ್‌ಗೆ ವಾಪಸ್ ಟಿಕೆಟ್. ಅಪ್ಪಯ್ಯ ಬರಲಿಲ್ಲ. ಅವರು ದೋಣಿ ನಡೆಸುವ ತಾಂಡೇಲ. ನೆಲದ ಮೇಲೆ ಕೂರುವುದೇ ಅವರಿಗೆ ಕಷ್ಟ, ಇನ್ನು ಆಕಾಶದಲ್ಲಿ ಅಷ್ಟು ಹೊತ್ತು ಕೂರುತ್ತಾರೆಯೇ!

ಅಮ್ಮನ ಬಗ್ಗೆ ಹೇಳಬೇಕು. ಹೆಸರು ಗಿರಿಜ, ಗಂಗೊಳ್ಳಿಯಿಂದ ಕುಂದಾಪುರದವರೆಗೆ ಎಲ್ಲರಿಗೂ ಗಿರಿಜಕ್ಕ. ಮದುವೆಯಾದಾಗಿನಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವಳು. ಅವಳ ಗಂಟಲು ಮಾರ್ಕೆಟ್ಟಿನ ಈ ತುದಿಯಿಂದ ಆ ತುದಿಗೆ ಕೇಳುತ್ತದೆ. ಚೌಕಾಶಿಯಲ್ಲಿ ಅವಳನ್ನು ಗೆದ್ದವರನ್ನು ನಾನು ಕಂಡಿಲ್ಲ, ಸೋತು ಸಿಟ್ಟಾದವರನ್ನು ಬೇಕಾದಷ್ಟು ಕಂಡಿದ್ದೇನೆ. ಇಂಥವಳನ್ನು ತಂದು ಸ್ಯಾನ್ ಡಿಯೇಗೋದ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಕೂರಿಸಿದರೆ ಏನಾಗುತ್ತದೆ? ಪಕ್ಕದ ಮನೆಯವರು ಯಾರೆಂದು ಗೊತ್ತಿಲ್ಲ. ಮೀನು ಹುರಿದರೆ ಚಾವಣಿಯ ಹೊಗೆ ಅಲಾರಂ ಕಿರುಚುತ್ತದೆ. ಫ್ರೋಜನ್ ಮೀನನ್ನು ಮೂಸಿ ನೋಡಿ, “ಇದ್ ಯಾವಾಗ್ ಸತ್ತದ್ದ್? ನಿನ್ನ ಮುತ್ತಜ್ಜಿ ಕಾಲ್ದಲ್ಲಾ?” ಎಂದು ಕೇಳಿ ಬದಿಗಿಟ್ಟಳು. ಹೊರಗೆ ನೋಡಿದರೆ ಮೇ ತಿಂಗಳೆಲ್ಲ ಬೂದಿ ಬಣ್ಣದ ಮೋಡ. ಕ್ಯಾಲಿಫೋರ್ನಿಯಾದಲ್ಲಿ ಬಿಸಿಲು ಎಂದು ನಾನು ಫೋನಿನಲ್ಲಿ ಕೊಚ್ಚಿಕೊಂಡದ್ದೆಲ್ಲ ಸುಳ್ಳಾಯಿತು.

ನಾನೋ, ಆ ವಸಂತದಿಂದ ಶ್ರೀಧರನ ಜೊತೆ ಶನಿವಾರ ಬೆಳಿಗ್ಗೆ ಕಯಾಕ್ ಎಂಬ ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ಕಡಲಿಗೆ ಹೋಗಲು ಶುರುಮಾಡಿದ್ದೆ. ಈ ಶ್ರೀಧರ ಬಸವನಗುಡಿಯವನು, ಫೋನಿನ ಚಿಪ್ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕೂತು ಹುಚ್ಚು ಹಿಡಿಯುವ ಹಾಗಾದಾಗ ಒಂದು ಕಯಾಕ್ ಕೊಂಡ, ಆಮೇಲೆ ಇಬ್ಬರು ಕೂರುವ ಇನ್ನೊಂದನ್ನೂ ಕೊಂಡ. ಮೀನು ಹಿಡಿಯುವುದರಲ್ಲಿ ಅವನಷ್ಟು ಮರುಳ ಇನ್ನೊಬ್ಬನಿಲ್ಲ. ಆದರೆ ಮೊಟ್ಟೆಯನ್ನೂ ತಿನ್ನದ ಮನುಷ್ಯ. “ನಾನ್ ಹಿಡಿಯೋದ್ ಅಷ್ಟೇ ಕಣೇ, ತಿನ್ನೋದ್ ನಿಮ್ ಡಿಪಾರ್ಟ್‌ಮೆಂಟು,” ಎನ್ನುತ್ತಿದ್ದ. ಅವನು ಹಿಡಿದು ಮತ್ತೆ ನೀರಿಗೆ ಬಿಡುತ್ತಿದ್ದ, ಇಲ್ಲವೇ ನನಗೆ ಕೊಡುತ್ತಿದ್ದ. ಇಷ್ಟು ಹೊಂದಾಣಿಕೆಯ ಸ್ನೇಹ ಇನ್ನೆಲ್ಲಿ ಸಿಗಬೇಕು?

ನಾವು ಹಿಡಿಯಲು ಹೋಗುತ್ತಿದ್ದದ್ದು ಯೆಲ್ಲೋಟೇಲ್ ಎಂಬ ಮೀನು. ಉದ್ದಕ್ಕೆ, ಗಟ್ಟಿ ಮೈ, ಬಾಲ ಮಾತ್ರ ಅರಿಸಿನ ಮೆತ್ತಿದಂತೆ ಹಳದಿ. ಅದಕ್ಕೆ ಸತ್ತ ಮೀನು ತೋರಿಸಿದರೆ ಮೂಗು ಮುರಿಯುತ್ತದೆ, ಜೀವಂತ ಮೀನೇ ಆಗಬೇಕು. ಹಾಗಾಗಿ ಮೊದಲು ಸಣ್ಣ ಸಣ್ಣ ಗಾಳಗಳ ಮಾಲೆಯೊಂದನ್ನು ನೀರಿಗೆ ಇಳಿಬಿಡಬೇಕು. ಒಂದೊಂದು ಗಾಳಕ್ಕೂ ಮಿರುಗುವ ಚೂರು ಕಟ್ಟಿರುತ್ತದೆ, ಅದನ್ನು ಮೀನುಮರಿ ಎಂದುಕೊಂಡು ಬಂಗುಡೆ ಬಂದು ಕಚ್ಚುತ್ತದೆ. ಕಯಾಕಿನ ಹಿಂದೆ ಒಂದು ಪ್ಲಾಸ್ಟಿಕ್ ತೊಟ್ಟಿ, ಬ್ಯಾಟರಿಯ ಪಂಪು ಅದಕ್ಕೆ ಕಡಲ ನೀರು ತುಂಬುತ್ತಾ ಇರುತ್ತದೆ. ಹಿಡಿದ ಬಂಗುಡೆಯನ್ನು ಜೀವಂತವಾಗಿ ಅದರಲ್ಲಿ ಬಿಟ್ಟು, ಬೇಕಾದಾಗ ಒಂದನ್ನು ತೆಗೆದು ಮೂಗಿಗೆ ದೊಡ್ಡ ಗಾಳ ಸಿಕ್ಕಿಸಿ, ನಿಧಾನ ಹುಟ್ಟು ಹಾಕುತ್ತಾ ಹಿಂದೆ ಎಳೆದುಕೊಂಡು ಹೋಗಬೇಕು. ದೊಡ್ಡದಕ್ಕೆ ಆಸೆ ಹುಟ್ಟಬೇಕು.

ಅಮ್ಮ ಬಂದ ಮೊದಲ ಶನಿವಾರ ನಾನು ಒದ್ದೆ ಬಟ್ಟೆಯಲ್ಲಿ, ಉಳಿದ ಬಂಗುಡೆಗಳನ್ನು ಬಕೆಟ್ಟಿನಲ್ಲಿ ಹಿಡಿದು ಮನೆಗೆ ಬಂದೆ. ಅಮ್ಮನ ಮುಖ ಅರಳಿತು. ನನ್ನ ಕೈಯಿಂದ ಬಕೆಟ್ಟು ತೆಗೆದುಕೊಂಡು ಬಗ್ಗಿ ನೋಡಿದಳು. ಒಂದೆರಡು ಇನ್ನೂ ಮಿಸುಕುತ್ತಿದ್ದವು.

“ಅಬ್ಯೇ! ಬಂಗ್ಡಿ! ಎಲ್ಲಿ ಸಿಕ್ತ್ ಹೆಣೆ?” ಎಂದಳು. ಹೆಣೆ ಎಂದರೆ ನಮ್ಮ ಕಡೆ ಮಗಳೇ ಎಂದ ಹಾಗೆ.

“ನಾನೇ ಹಿಡಿದದ್ದು. ಕಯಾಕಿನಲ್ಲಿ ಹೋಗಿ.”

ಅಮ್ಮ ಬಕೆಟ್ಟು ಕೆಳಗಿಟ್ಟಳು. ನಮ್ಮ ಮನೆಯಲ್ಲಿ ಹೆಂಗಸರು ದೋಣಿ ಹತ್ತುವುದಿಲ್ಲ. ಗಂಡಸರು ಹಿಡಿಯುತ್ತಾರೆ, ಹೆಂಗಸರು ಮಾರುತ್ತಾರೆ. ಹೆಣ್ಣು ಕಾಲಿಟ್ಟ ದೋಣಿಗೆ ಮೀನು ಬರುವುದಿಲ್ಲವೆಂದು ನನ್ನ ಅಜ್ಜ ನಂಬಿದ್ದರು, ಅಪ್ಪಯ್ಯನೂ ನಂಬಿದ್ದರು. ನಿಜವೋ ಸುಳ್ಳೋ ಎಂದು ಯಾರೂ ಪರೀಕ್ಷೆ ಮಾಡಲು ಹೋಗಿರಲಿಲ್ಲ.

“ನೀ ದೋಣಿ ಹತ್ತಿದ್ಯಾ?”

“ಹತ್ತಿದೆ. ಇದೆಲ್ಲ ಉಳಿದದ್ದು ಅಮ್ಮ. ದೊಡ್ಡ ಮೀನಿಗೆ ಗಾಳಕ್ಕೆ ಹಾಕಲು ಹಿಡಿದದ್ದು.”

ದೋಣಿ ಹತ್ತಿದ್ದನ್ನು ಅಮ್ಮ ಆ ಗಳಿಗೆಯಲ್ಲಿ ಮರೆತೇಬಿಟ್ಟಳು. “ಎಂತ? ಬಂಗ್ಡಿನ ಗಾಳಕ್ಕ್ ಹಾಕುದಾ? ಜೀವ ಇಪ್ಪ ಬಂಗ್ಡಿನ? ತಲಿ ಸಮ ಇತ್ತಾ ನಿಮ್ಗೆ? ಊರಲ್ಲ್ ಜನ ಇದಕ್ಕೆ ಕಾದ್ ನಿಲ್ತ್ರ್!” ಎಂದು ಶುರುಮಾಡಿದವಳು ಬಂಗುಡೆ ಕೊಯ್ದು, ಮಸಾಲೆ ಅರೆದು, ಹುರಿದು, ಅಲಾರಂ ಕಿರುಚಿ, ನಾನು ಕುರ್ಚಿ ಹತ್ತಿ ಅದರ ಬ್ಯಾಟರಿ ಕಿತ್ತರೂ ನಿಲ್ಲಿಸಲಿಲ್ಲ. ಆದರೆ ಅವತ್ತು ಮೂರು ತುಂಡು ತಿಂದಳು. ಬಂದ ಮೇಲೆ ಅವಳು ಹೊಟ್ಟೆ ತುಂಬ ಉಂಡದ್ದು ಅವತ್ತೇ ಮೊದಲು.

ಆಮೇಲೆ ಪ್ರತಿ ಶನಿವಾರವೂ ನಮ್ಮ ಜೊತೆ ಲಾ ಹೋಯಾದ ಮರಳಿನವರೆಗೆ ಬರಲು ಶುರುಮಾಡಿದಳು. ಮಡಚುವ ಕುರ್ಚಿ ಹಾಕಿ, ನನ್ನ ಯೂನಿವರ್ಸಿಟಿಯ ಸ್ವೆಟರ್ ತೊಟ್ಟು, ತಲೆಗೆ ಮಫ್ಲರ್ ಸುತ್ತಿ, ಮರಳಿನ ಮೇಲೆ ಕೂತು ನಾವು ಬರುವವರೆಗೆ ನೋಡುತ್ತಿದ್ದಳು. ಬಂದ ಕೂಡಲೇ ಬೈಗುಳ: ಹಿಡಿದದ್ದು ಸಾಲದು, ಇಟ್ಟುಕೊಂಡದ್ದು ಸರಿಯಿಲ್ಲ, ಐಸು ಕಡಿಮೆ. ಶ್ರೀಧರನನ್ನು ಅವಳು ಭಟ್ರೇ ಎಂದೇ ಕರೆಯುತ್ತಿದ್ದಳು. “ಭಟ್ರೇ, ತಿನ್ನದವ್ರಿಗೆ ಮೀನ್ ಹಿಡಿಯು ಆಸೆ ಎಂತಕೆ? ಪೂಜೆ ಮಾಡುಕಾ?” ಎಂದು ಕೇಳಿದರೆ ಅವನು ಹಲ್ಲು ಕಿರಿಯುತ್ತಿದ್ದ.

ಜೂನ್ ಕೊನೆಯ ಒಂದು ಶನಿವಾರ ನನ್ನ ಗಾಳಕ್ಕೆ ಯೆಲ್ಲೋಟೇಲ್ ಸಿಕ್ಕಿತು. ಎಳೆದಾಡಿ ಎಳೆದಾಡಿ ಕಯಾಕಿನ ಹತ್ತಿರ ತಂದಿದ್ದೆ, ಹಳದಿ ಬಾಲ ಕಣ್ಣಿಗೆ ಕಂಡಿತ್ತು. ಅಷ್ಟರಲ್ಲಿ ನೀರಿನಡಿಯಿಂದ ಒಂದು ಕಡಲಸಿಂಹ, ಮೀಸೆಯ ಸೀ ಲಯನ್, ಬಂದು ನನ್ನ ಮೀನನ್ನು ಕಚ್ಚಿಕೊಂಡು ಹೋಯಿತು. ಲಾ ಹೋಯಾದ ಕಡಲಸಿಂಹಗಳು ಬಲು ಕಿಲಾಡಿ, ಹಿಡಿಯುವ ಕೆಲಸ ನಮಗೆ ಬಿಟ್ಟು ತಿನ್ನುವ ಕೆಲಸ ತಾವು ಇಟ್ಟುಕೊಂಡಿವೆ. ಉಳಿದ ತಲೆಯನ್ನು ಹಿಡಿದುಕೊಂಡು ನಾನು ಅಳುಮುಖ ಮಾಡಿಕೊಂಡು ದಡಕ್ಕೆ ಬಂದೆ. ಅಮ್ಮ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಆ ತಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ತೆರೆಗಳ ಆಚೆಗೆ ಕೈ ತೋರಿಸಿ ಕೇಳಿದಳು:

“ಅಲ್ಲಿ ಹ್ಯಾಂಗಿರ್ತ್? ತೆರಿ ದಾಟ್ರ್ ಮೇಲೆ?”

ನಾನು ಏನೋ ಹೇಳಿದೆ. ಶಾಂತವಾಗಿರುತ್ತದೆ, ನೀರು ಕಡುನೀಲಿ, ಹೀಗೆಲ್ಲ. ಅಮ್ಮ ಕೇಳಿಸಿಕೊಂಡು ಹೇಳಿದಳು, ಮದುವೆಯಾದ ಹೊಸತರಲ್ಲಿ ತಾನೂ ಒಂದು ಸಲ ಅಪ್ಪಯ್ಯನನ್ನು ಕೇಳಿದ್ದೆ ಎಂದು. ಒಂದೇ ಸಲ ತೆರೆಯ ಆಚೆಗೆ ಕರೆದುಕೊಂಡು ಹೋಗಿ, ಮೀನು ಹೇಗೆ ಬರುತ್ತದೆಂದು ನೋಡಬೇಕು ಎಂದಿದ್ದಳಂತೆ. ಅಪ್ಪಯ್ಯ ದೋಣಿಯಲ್ಲಿದ್ದವರಿಗೆಲ್ಲ ಅದನ್ನು ಹೇಳಿ ನಗಿಸಿದರಂತೆ. ಮರುದಿನ ದಡದಲ್ಲಿ ಗಂಡಸರೆಲ್ಲ ಅವಳನ್ನು ನೋಡಿ, “ಏನ್ ಗಿರ್ಜಾ, ಬಲೆ ಎಳುಕ್ ಬತ್ಯಾ?” ಎಂದು ಕೇಳಿದರಂತೆ. ಆಮೇಲೆ ಅವಳು ಕೇಳಲಿಲ್ಲ. ಜೀವಮಾನವೆಲ್ಲ ಮೀನು ಮುಟ್ಟಿದವಳು ಒಂದೇ ಒಂದು ಮೀನು ಕಡಲಿನಿಂದ ಮೇಲೆ ಬರುವುದನ್ನು ನೋಡಿರಲಿಲ್ಲ. ನಾನು ಅವಳ ಹೊಟ್ಟೆಯಲ್ಲಿ ಹುಟ್ಟಿದವಳು, ನನಗೂ ಇದು ಗೊತ್ತಿರಲಿಲ್ಲ.

“ನಂಗೂ ಹೋಯ್ಕ್,” ಎಂದಳು ಅಮ್ಮ. “ಊರಿಗ್ ಹೋಪುದ್ರೊಳಗೆ. ನಾನೇ ಒಂದ್ ಮೀನ್ ಹಿಡಿಕ್.”

ಶ್ರೀಧರನ ಮುಖ ನೋಡಬೇಕಿತ್ತು. “ಆಂಟಿ, ನಿಮಗೆ ಈಜಕ್ಕೆ ಬರುತ್ತಾ?”

“ಇಲ್ಲೆ.”

“ಮತ್ತೆ?”

“ಮತ್ತೆ ಎಂತ? ನೀವ್ ಕಲ್ಸಿ.”

ಜುಲೈ ಪೂರ್ತಿ ಮಿಷನ್ ಬೇಯಲ್ಲಿ ಕಳೆಯಿತು. ಅದು ತೆರೆಯಿಲ್ಲದ ಹಿನ್ನೀರು, ಮಕ್ಕಳು ಆಡುವ ಜಾಗ. ಚೂಡಿದಾರದ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದುಕೊಂಡು ಅಮ್ಮ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಕಯಾಕಿನಿಂದ ಬೇಕೆಂದೇ ಬೀಳುವುದು, ಮತ್ತೆ ಹತ್ತುವುದು: ಇದು ಶ್ರೀಧರನ ಷರತ್ತು. ಅವಳು ಮೊದಲ ಸಲ ಬಿದ್ದಾಗ ಹಾಕಿದ ಕೂಗಿಗೆ ಹತ್ತಿರದ ಬೋಟಿನವರು ಎಂಜಿನ್ ನಿಲ್ಲಿಸಿ ತಿರುಗಿ ನೋಡಿದರು. ಹೊಟ್ಟೆಯ ಮೇಲೆ ತೆವಳಿ ಹತ್ತುವುದನ್ನು ಕಲಿಯಲು ಮೂರು ವಾರ ಹಿಡಿಯಿತು. ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ, ಬೇಸರ ಬಂದು ಬಿಟ್ಟುಬಿಡಲಿ ದೇವರೇ ಎಂದು. ಅವಳಿಗೆ ಬೇಸರ ಬರಲಿಲ್ಲ. ಮನೆಯಲ್ಲಿ ಸೋಫಾದ ಮೇಲೆ ಕೂತು ಪೊರಕೆ ಹಿಡಿದು ಹುಟ್ಟು ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದಳು.

ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಲಾ ಹೋಯಾದಲ್ಲಿ ಕಯಾಕ್ ಇಳಿಸಿದೆವು. ತೆರೆ ಅಂಥ ದೊಡ್ಡದೇನೂ ಇರಲಿಲ್ಲ. ಶ್ರೀಧರ ತನ್ನ ಕಯಾಕಿನಲ್ಲಿ ಮೊದಲು ದಾಟಿ ಆಚೆಯಿಂದ ಕೈ ಬೀಸಿದ. ನಾನು ಹೊತ್ತು ನೋಡಿ, “ಈಗ ಅಮ್ಮ, ಹಾಕು ಹಾಕು!” ಎಂದೆ. ಹೊತ್ತು ತಪ್ಪಿತ್ತು. ತೆರೆ ಎದುರಿಗೆ ಎದ್ದು ನಿಂತದ್ದು ಕಂಡಿತು, ಆಮೇಲೆ ಕಯಾಕ್ ನಮ್ಮ ಮೇಲಿತ್ತು. ನಾನು ಎದ್ದಾಗ ಅಮ್ಮ ಕಾಣಲಿಲ್ಲ. ನೀರಿನೊಳಗೆ ಕೈಯಾಡಿಸಿ ಹುಡುಕಿದೆ. ಮರುಗಳಿಗೆ ಕಿತ್ತಳೆ ಜಾಕೆಟ್ ಮೇಲೆದ್ದಿತು, ಅದರೊಳಗೆ ಅಮ್ಮ, ಬಾಯಿ ತುಂಬ ಉಪ್ಪುನೀರು, ಮೂಗಿನಲ್ಲಿ ಮರಳು. ಮೊಣಕಾಲು ತರಚಿ ರಕ್ತ ಬರುತ್ತಿತ್ತು. ದಡಕ್ಕೆ ಎಳೆದು ತಂದು ಕೂರಿಸಿದೆ. ಅವಳು ಬಾಯಿ ಮುಕ್ಕಳಿಸಿ ಮರಳು ಉಗುಳಿದಳು.

ಕಾರಿನಲ್ಲಿ ಬರುವಾಗ ನಾನೇ ಹೇಳಿದೆ. “ಸಾಕು ಅಮ್ಮ. ನಿನಗೇನಾದರೂ ಆದರೆ ಅಪ್ಪಯ್ಯನಿಗೆ ಏನಂತ ಹೇಳಲಿ ನಾನು?”

“ನಿನ್ನಪ್ಪಯ್ಯಂಗೆ ಎಷ್ಟ್ ಸಲ ತೆರಿ ಹೊಡ್ದಿತ್ ಗೊತ್ತಿತ್ತಾ ನಿಂಗೆ?” ಎಂದಳು ಕಿಟಕಿಯ ಕಡೆ ನೋಡುತ್ತಾ. “ಕೈ ಮುರ್ಕಂಡ್ ಬಂದಿರ್, ಹಲ್ಲ್ ಮುರ್ಕಂಡ್ ಬಂದಿರ್. ಮರ್ದಿನ ಹೋಪುದ್ ಬಿಟ್ಟಿರಾ? ಅವ್ರಿಗೆ ಯಾರಾರೂ ಸಾಕ್ ಅಂದ್ರಾ?”

ಆಮೇಲೆ ಎರಡು ಶನಿವಾರ ಕಡಲು ಕೆಟ್ಟಿತ್ತು, ಮೆಕ್ಸಿಕೋ ಕಡೆಯ ಬಿರುಗಾಳಿಯಿಂದ ಎತ್ತರದ ತೆರೆಗಳು ಬರುತ್ತಿದ್ದವು. ಅಮ್ಮ ಮರಳಿನ ಮೇಲೆ ಕೂತು ಅವನ್ನು ನೋಡಿ ವಾಪಸ್ ಬರುತ್ತಿದ್ದಳು. ಸೂಟ್‌ಕೇಸಿಗೆ ಬಟ್ಟೆ ತುಂಬುವುದು ಶುರುವಾಯಿತು. ನೆಂಟರಿಷ್ಟರಿಗೆ ಚಾಕಲೇಟು, ಅಪ್ಪಯ್ಯನಿಗೆ ಟಾರ್ಚು. ಟಿಕೆಟ್ ಮಂಗಳವಾರಕ್ಕಿತ್ತು. ಉಳಿದದ್ದು ಒಂದೇ ಶನಿವಾರ.

ಆ ಶನಿವಾರ ನಾವು ಹೋದಾಗ ಕಡಲು ಎಣ್ಣೆ ಸುರಿದ ಹಾಗೆ ಮಲಗಿತ್ತು. ಶ್ರೀಧರ ಬಹಳ ಹೊತ್ತು ನಿಂತು ನೋಡಿದ. ಫೋನ್ ತೆಗೆದು ಅಮ್ಮನ ಹೆಸರಿನಲ್ಲಿ ಒಂದು ದಿನದ ಫಿಶಿಂಗ್ ಲೈಸೆನ್ಸ್ ಕೊಂಡ. “ಆಂಟಿ, ಈಗ ನೀವು ಅಫಿಷಿಯಲ್ಲು,” ಎಂದ. ಗಾಳ ಹಾಕಲು ಸರ್ಕಾರದ ಅಪ್ಪಣೆ ಬೇಕು ಎನ್ನುವುದು ಅಮ್ಮನಿಗೆ ಆ ದೇಶದ ಬಗ್ಗೆ ಗೊತ್ತಾದ ಸಂಗತಿಗಳಲ್ಲೇ ದೊಡ್ಡ ತಮಾಷೆ. ಮೊಣಕಾಲಿನವರೆಗೆ ನೀರಿಗಿಳಿದು ಅವಳು ಕೈಯಲ್ಲಿ ಒಂದಿಷ್ಟು ನೀರೆತ್ತಿ ಹಣೆಗೆ ಹಚ್ಚಿಕೊಂಡಳು. ಹತ್ತಿದಳು. ನಾನು ಈ ಸಲ ಕಾದೆ, ಇನ್ನೂ ಕಾದೆ, ನಮ್ಮ ಹಿಂದೆ ಕಯಾಕ್ ಇಳಿಸಲು ನಿಂತಿದ್ದವರು ಬಯ್ಯುವಷ್ಟು ಕಾದೆ. ಆಮೇಲೆ ಇಬ್ಬರೂ ಉಸಿರು ಕಟ್ಟಿ ಹುಟ್ಟು ಹಾಕಿದೆವು. ಒಂದು ತೆರೆ ಕಯಾಕಿನ ಮೂತಿಯನ್ನು ಎತ್ತಿ ಇಳಿಸಿತು. ಇನ್ನೊಂದು ಅಮ್ಮನ ಎದೆಗೆ ಚಿಮ್ಮಿತು. ಮೂರನೆಯದು ಬರಲೇ ಇಲ್ಲ. ನಾವು ದಾಟಿದ್ದೆವು.

ಅಮ್ಮ ಹುಟ್ಟು ಮಡಿಲಲ್ಲಿಟ್ಟು ಹಿಂದೆ ತಿರುಗಿದಳು. ದಡ ಚಿಕ್ಕದಾಗಿ ಕಾಣುತ್ತಿತ್ತು. ತಾಳೆಮರಗಳು, ಕೆಂಪು ಹೆಂಚಿನ ಮನೆಗಳು, ಮರಳಿನ ಮೇಲೆ ಚುಕ್ಕೆಯಷ್ಟು ಜನ. ಅವರ ಮುಖ ಕಾಣುತ್ತಿರಲಿಲ್ಲ.

“ಇಲ್ಲಿಂದ ಹೀಂಗ್ ಕಾಂತ್ವಾ ನಾವ್?” ಎಂದಳು. “ನಾನ್ ಊರಲ್ಲ್ ದಡದಲ್ಲ್ ನಿಂತ್ಕಂಡ್ ನಿನ್ನಪ್ಪಯ್ಯಂಗೆ ಕೈ ಬೀಸ್ತಿದ್ದೆ. ಅವ್ರಿಗೆ ಕಾಂತಿಲ್ಲ ಅಲ್ದಾ?”

“ಕಾಣುವುದಿಲ್ಲ ಅಮ್ಮ.”

“ಮತ್ತೆ ಕಂಡಿತ್ ಅಂತಿದ್ರಲೆ, ಅಷ್ಟ್ ವರ್ಷ,” ಎಂದು ನಕ್ಕಳು. ಅಪ್ಪಯ್ಯನ ಮೇಲೆ ಸಿಟ್ಟಿನ ನಗುವಲ್ಲ ಅದು. ನನಗೆ ಕಣ್ಣು ತುಂಬಿ ಬಂತು, ಉಪ್ಪುನೀರೆಂದು ಒರೆಸಿಕೊಂಡೆ.

ಲಾ ಹೋಯಾದ ದಡಕ್ಕೆ ಅಂಟಿಕೊಂಡೇ ಮೀನು ಹಿಡಿಯಬಾರದ ಮೀಸಲು ಜಾಗವಿದೆ. ಅದರ ಗಡಿ ದಾಟುವವರೆಗೆ ಹುಟ್ಟು ಹಾಕಿ, ಅಮ್ಮನ ಕೈಗೆ ಗಾಳದ ಮಾಲೆ ಕೊಟ್ಟೆ. ಇಳಿಬಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿದ್ದೇ ತಡ, ದಾರ ನಡುಗಿತು. ಎಳೆದರೆ ಸಾಲಾಗಿ ಬಂಗುಡೆ, ಒಂದೊಂದು ಗಾಳಕ್ಕೂ ಒಂದೊಂದು, ಬಿಸಿಲಿಗೆ ಹೊಳೆಯುತ್ತಾ ಪಟಪಟ ಬಡಿಯುತ್ತಾ ಬಂದವು. ಅಮ್ಮ ಸಣ್ಣ ಹುಡುಗಿಯ ಹಾಗೆ ಕೂಗಿದಳು. “ಕಾಣ್ ಹೆಣೆ, ಕಾಣ್! ಎಷ್ಟ್ ಚಂದ ಇತ್ತ್ ಕಾಣ್! ಜೀವ ಇಪ್ಪತಿಗೆ ಬೆನ್ನ್ ಹೀಂಗ್ ಹಸ್ರಾ?” ಸತ್ತ ಮೇಲೆ ಆ ಬಣ್ಣ ಇರುವುದಿಲ್ಲ. ಅವಳ ಬುಟ್ಟಿಗೆ ಬರುವ ಹೊತ್ತಿಗೆ ಅದು ಮಾಸಿರುತ್ತಿತ್ತು.

ಮತ್ತೆ ಇಳಿಸಿದಳು, ಮತ್ತೆ ಬಂದವು. ನನ್ನ ಗಮನವೆಲ್ಲ ಕಯಾಕನ್ನು ಗಾಳಿಗೆ ತಿರುಗದಂತೆ ಹಿಡಿಯುವುದರ ಮೇಲಿತ್ತು. ಮೊದಲ ಸಲದ ಒಂದನ್ನು ಅವಳು ಹಿಂದಕ್ಕೆ ಚಾಚಿದ್ದಳು, ನಾನು ತೊಟ್ಟಿಗೆ ಹಾಕಿದ್ದೆ. ಉಳಿದವನ್ನು ಇನ್ನೂ ಬಿಡಿಸುತ್ತಿದ್ದಾಳೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಬಂಗುಡೆಯ ಗುಂಪು ಎಲ್ಲಿಗೋ ಹೋಯಿತು, ಎಷ್ಟು ಆಡಿಸಿದರೂ ಕಚ್ಚಲಿಲ್ಲ.

ಶ್ರೀಧರ ಹತ್ತಿರ ಬಂದ. “ಆಂಟಿ, ಸೂಪರ್! ನನಗೆ ಒಂದೂ ಸಿಗಲಿಲ್ಲ. ನಿಮ್ಮ ತೊಟ್ಟಿಯಿಂದ ಎರಡು ಕೊಡಿ.”

“ತಕಣಿ ಭಟ್ರೇ,” ಎಂದು ಅಮ್ಮ ಕಾಲಿನ ಕಡೆ ತೋರಿಸಿದಳು.

ಅಲ್ಲಿ ಬಂಗುಡೆಗಳು ತಲೆ ಒಂದೇ ಕಡೆ ಮಾಡಿ ಅಂದವಾಗಿ ಮಲಗಿದ್ದವು. ಒಂದೊಂದರ ಕಿವಿರಿನೊಳಗೂ ಬೆರಳು ಹಾಕಿ ಕತ್ತು ಮುರಿದು, ರಕ್ತ ಹೋಗುವಂತೆ ನೀರಿನಲ್ಲಿ ಅದ್ದಿ, ಬುಟ್ಟಿಯಲ್ಲಿ ಜೋಡಿಸುವ ಹಾಗೆ ಜೋಡಿಸಿದ್ದಳು. ಶ್ರೀಧರನ ಬಾಯಿ ತೆರೆದದ್ದು ಮುಚ್ಚಲಿಲ್ಲ.

“ಅಯ್ಯೋ ಅಮ್ಮ! ಜೀವಂತ ಬೇಕು ಎಂದು ಎಷ್ಟು ಸಲ ಹೇಳಿದ್ದೆ!”

ಅಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು. “ನೀ ಹೇಳಿದ್ದ್ ತಲಿಗೆ ಗೊತ್ತಿತ್ ಮಾರಾಯ್ತಿ. ಕೈಗೆ ಗೊತ್ತಿಲ್ಲೆ,” ಎಂದಳು. ಬಂಗುಡೆಯನ್ನು ಒದ್ದಾಡಿ ಸಾಯಲು ಬಿಟ್ಟರೆ ಮೈ ಮೆತ್ತಗಾಗುತ್ತದೆ. ಅಷ್ಟು ವರ್ಷ ಅವಳ ಕೈ ಕಲಿತದ್ದು ಅದನ್ನೇ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಶ್ರೀಧರ ಮೊದಲು ನಕ್ಕ, ಆಮೇಲೆ ನಾವಿಬ್ಬರೂ ಕಯಾಕ್ ಮಗುಚುವಷ್ಟು ನಕ್ಕೆವು. ನಕ್ಕು ಮುಗಿದ ಮೇಲೆ ಲೆಕ್ಕ ಸರಳವಾಗಿತ್ತು. ತೊಟ್ಟಿಯಲ್ಲಿ ಒಂದೇ ಬಂಗುಡೆ. ಉಳಿದದ್ದು ಅದೊಂದೇ ದಿನ.

ಆ ಒಂದನ್ನು ನಾನು ಹಿಡಿದು ಗಾಳ ಎತ್ತಿಕೊಂಡೆ. ಅಮ್ಮ ಕೈ ಚಾಚಿದಳು. “ನಂಗ್ ಕೊಡ್. ನಾನೇ ಹಾಕ್ತೆ.” ಬಂಗುಡೆಯನ್ನು ಗಾಳಕ್ಕೆ ಹಾಕುವುದಾ ಎಂದು ಬೇಸಿಗೆಯಿಡೀ ಬೈದವಳು ಅದನ್ನು ಎಡಗೈಯಲ್ಲಿ ಮೆತ್ತಗೆ ಹಿಡಿದು, ಮೂಗಿನ ತುದಿಯಲ್ಲಿ ಗಾಳ ತೂರಿಸಿದಳು. “ಬೇಜಾರ್ ಮಾಡ್ಕಬ್ಯಾಡ ಮಗಾ,” ಎಂದಳು ಅದಕ್ಕೆ. “ಹೋಯ್ ದೊಡ್ಡವನನ್ನ ಕರ್ಕಂಡ್ ಬಾ.” ಅದು ಬೆರಳಿನ ಸಂದಿಯಿಂದ ಜಾರಿ ನೀಲಿಯೊಳಗೆ ಇಳಿಯಿತು.

ನಿಧಾನಕ್ಕೆ ಹುಟ್ಟು ಹಾಕುತ್ತಾ ನೀರಿನಡಿ ಮರಗಳಂತೆ ಬೆಳೆದ ಕಡಲಪಾಚಿಯ ತೋಪಿನ ಅಂಚಿಗೆ ಹೋದೆವು. ಬಿಸಿಲೇರಿತು. ಏನೂ ಆಗಲಿಲ್ಲ. ಶ್ರೀಧರ ವಾಪಸ್ ಹೋಗೋಣ ಎಂದು ಹೇಳಲು ಬಾಯಿ ತೆರೆದು, ಅಮ್ಮನ ಬೆನ್ನು ನೋಡಿ ಮುಚ್ಚಿಕೊಳ್ಳುವುದನ್ನು ಎರಡು ಸಲ ಕಂಡೆ. ಇದ್ದಕ್ಕಿದ್ದ ಹಾಗೆ ಅಮ್ಮ, “ಬಂಗ್ಡಿ ಹೆದ್ರತ್!” ಎಂದಳು. ದಾರದಲ್ಲಿ ಅದರ ನಡುಕ ಅವಳಿಗೆ ತಿಳಿದಿತ್ತು. ಮುಂದಿನ ಕ್ಷಣ ಅವಳ ಕೈಯ ಗಾಳದ ಕೋಲು ಬಾಗಿ ನೀರು ಮುಟ್ಟಿತು, ದಾರ ಸುತ್ತಿದ ರೀಲು ಕೀರಲು ದನಿಯಲ್ಲಿ ಕಿರುಚಿತು, ಕಯಾಕ್ ಮೂತಿ ತಿರುಗಿಸಿಕೊಂಡು ತಾನೇ ಹೊರಟಿತು.

“ಬಿಡಬೇಡ ಅಮ್ಮ! ಕೋಲು ಮೇಲೆ! ಅದು ಎಳೆಯುವಾಗ ಬಿಡು, ನಿಂತಾಗ ಸುತ್ತು!”

“ಬಿಡಬ್ಯಾಡ ಅಂತೆ, ಬಿಡ್ ಅಂತೆ! ಒಂದ್ ಹೇಳ್!”

ಆದರೆ ಅವಳಿಗೆ ತಿಳಿಯಿತು. ಇದು ಅವಳ ಕಸುಬೇ. ಅದು ಜಗ್ಗಿದಾಗ ಇವಳು ಸಡಿಲ ಬಿಟ್ಟಳು, ಅದು ಸುಸ್ತಾದಾಗ ಇವಳು ಎಳೆದಳು. ಜೊತೆಗೆ ಬಾಯಿ: “ಬಾ ಬಾ, ಇನ್ನೊಂಚೂರ್ ಬಾ. ಹೋಪುದಾ? ಹೋಯ್ ಕಾಂಬ, ಎಲ್ಲಿಗ್ ಹೋತೆ? ಹಾಂ, ಬಾ. ಆಚಿಗೂ ಬ್ಯಾಡ ಈಚಿಗೂ ಬ್ಯಾಡ, ಇಲ್ಲಿಗ್ ಬಾ.” ಗಂಗೊಳ್ಳಿಯ ಮಾರ್ಕೆಟ್ಟಿನಲ್ಲಿ ಗಿರಾಕಿಯನ್ನು ಹೀಗೆಯೇ ತನ್ನ ದರಕ್ಕೆ ತರುವುದನ್ನು ನಾನು ಸಾವಿರ ಸಲ ನೋಡಿದ್ದೆ. ಅವಳು ಕೋಲನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ನಾನು ಕೊಡು ಎಂದೆ. ಕೊಡಲಿಲ್ಲ.

ಹಳದಿ ಬಾಲ ಕಂಡಿತು. ಅದೇ ಹೊತ್ತಿಗೆ ಸ್ವಲ್ಪ ದೂರದಲ್ಲಿ ನುಣುಪು ಕರಿ ತಲೆಯೊಂದು ಮೇಲೆದ್ದು, ಮೀಸೆ ಕುಣಿಸಿ, ನಮ್ಮ ಕಡೆ ನೋಡಿ ಮುಳುಗಿತು.

“ಕಡಲಸಿಂಹ! ಬಂತು!” ಎಂದು ಶ್ರೀಧರ ಕೂಗಿದ.

ಅಮ್ಮ ತಲೆಯೆತ್ತಿ ಅದನ್ನು ನೋಡಿದಳು. ಆಮೇಲೆ ಅವಳ ಬಾಯಿಂದ ಬಂದದ್ದನ್ನು ನಾನು ಬರೆಯುವುದಿಲ್ಲ. ನಾಲ್ಕು ತಿಂಗಳು ಅಪಾರ್ಟ್‌ಮೆಂಟಿನಲ್ಲಿ ಅದುಮಿಟ್ಟಿದ್ದ ಗಂಟಲೆಲ್ಲ ಹೊರಬಿತ್ತು. ಲಾ ಹೋಯಾದ ಗುಡ್ಡಕ್ಕೆ ಬಡಿದು ವಾಪಸ್ ಬಂದಿರಬೇಕು. ಶ್ರೀಧರ ತನ್ನ ಕಯಾಕನ್ನು ನಡುವೆ ತಂದದ್ದರಿಂದ ಅದು ಹೋಯಿತೆಂದು ಅವನು ಇವತ್ತಿಗೂ ಹೇಳುತ್ತಾನೆ. ತನ್ನ ಬೈಗುಳಕ್ಕೆ ಹೋಯಿತೆಂದು ಅಮ್ಮ ಹೇಳುತ್ತಾಳೆ. ನಾನು ಅಮ್ಮನ ಕಡೆ. ಅಷ್ಟರಲ್ಲಿ ಮೀನು ಪಕ್ಕಕ್ಕೆ ಬಂದಿತ್ತು, ನಾನು ಕೊಕ್ಕೆ ಹಾಕಿ ಎತ್ತಿ ಅವಳ ಮಡಿಲಿಗೆ ಹಾಕಿದೆ. ಮಡಿಲು ಸಾಲಲಿಲ್ಲ. ಅಷ್ಟು ಉದ್ದದ, ದಪ್ಪದ, ಬೆಳ್ಳಿ ಮೈಯ, ಹಳದಿ ಬಾಲದ ಮೀನು. ಅಮ್ಮ ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, “ಹಿಡ್ದೆ! ಹೆಣೆ, ನಾನ್ ಹಿಡ್ದೆ!” ಎಂದು ಕೂಗಿದಳು, ಆಮೇಲೆ ಅತ್ತಳು, ಆಮೇಲೆ ಮತ್ತೆ ಕೂಗಿದಳು. ಶ್ರೀಧರ ಹುಟ್ಟನ್ನು ತಲೆಯ ಮೇಲೆತ್ತಿ ಕುಣಿಯಲು ಹೋಗಿ ನೀರಿಗೆ ಬಿದ್ದ.

ದಡಕ್ಕೆ ಬಂದ ಮೇಲೆ ಅವನು ಮೀನು ಹೊತ್ತುಕೊಳ್ಳಲು ಬಂದ. ಅಮ್ಮ ಬಿಡಲಿಲ್ಲ. ದುಪಟ್ಟಾವನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಅದರ ಮೇಲೆ ಮೀನನ್ನು ಅಡ್ಡಲಾಗಿ ಇಟ್ಟುಕೊಂಡಳು. ಕೈ ಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ಸರ್ಫಿಂಗ್ ಹುಡುಗರ ನಡುವೆ, ಛತ್ರಿಗಳ ನಡುವೆ, ಆ ಮರಳಿನ ಮೇಲೆ ನಡೆದಳು. ಜನ ಎದ್ದು ನಿಂತು ದಾರಿ ಬಿಟ್ಟರು. ಯಾರೋ ಚಪ್ಪಾಳೆ ಶುರುಮಾಡಿದರು, ಉಳಿದವರು ಸೇರಿಕೊಂಡರು. ಅಮ್ಮ ಯಾರ ಕಡೆಯೂ ತಿರುಗಲಿಲ್ಲ, ತಿರುಗಿದರೆ ಮೀನು ಬೀಳುತ್ತಿತ್ತು. ಅವಳ ಹಿಂದೆ ನಡೆಯುತ್ತಿದ್ದ ನನಗೆ ಪದವಿಯ ದಿನ ಕಪ್ಪು ನಿಲುವಂಗಿ ಹಾಕಿಕೊಂಡು ವೇದಿಕೆ ಹತ್ತಿದಾಗ ಆಗದಷ್ಟು ಹೆಮ್ಮೆಯಾಯಿತು.

ಸಂಜೆ ಊರಿಗೆ ವೀಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಗಾಗುತ್ತಿತ್ತು. ಮಳೆಗಾಲದ ರಜೆ ಮುಗಿದು ದೋಣಿಗಳು ಮತ್ತೆ ಕಡಲಿಗೆ ಇಳಿದಿದ್ದವು, ಅಪ್ಪಯ್ಯ ಬಂದರಿನಲ್ಲೇ ಇದ್ದರು. ಹಿಂದೆ ಮೀನಿನ ಹರಾಜಿನ ಏಲಂ ಕೂಗುವ ಗದ್ದಲ. ಅಮ್ಮ ಫೋನನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಮಲಗಿದ್ದ ಮೀನಿನ ಕಡೆ ತಿರುಗಿಸಿದಳು. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ಮೀನು ಕಂಡರೆ ಅವರಿಗೆ ಉಳಿದದ್ದೆಲ್ಲ ಮರೆತುಹೋಗುತ್ತದೆ. ಅಕ್ಕಪಕ್ಕದವರನ್ನೂ ಕರೆದು ತೋರಿಸಿದರು.

“ಭರ್ಜರಿ ಇತ್ತಲೆ! ಯಾವ್ ದೋಣಿದ್?” ಎಂದು ಕೇಳಿದರು.

ಅಮ್ಮ ಫೋನನ್ನು ತನ್ನ ಮುಖದ ಕಡೆ ತಿರುಗಿಸಿಕೊಂಡಳು. ಹಿಂದಿನ ಏಲಂ ಕೂಗನ್ನೂ ಮೀರಿಸುವ ದನಿಯಲ್ಲಿ, ಬಂದರಿನ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ನನ್ ದೋಣಿದ್.”